ಮೊದಲು ತೂಕ, ಆಮೇಲೆ ಕೊಸರು

ಕೊಸರು ಎಂಬ ಮಾತು ಈಗಿನ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತೋ! ಪ್ಯಾಕೆಟ್ಟಿನಲ್ಲಿ ಬರುವ ಸಾಮಾನಿಗೆ ಕೊಸರು ಇರುವುದಿಲ್ಲ. ತೂಗಿ ಮುಗಿದು, ಸಾಮಾನನ್ನು ಪೊಟ್ಟಣಕ್ಕೆ ಸುರಿದಾದ ಮೇಲೆ ಅಂಗಡಿಯವರು ಇನ್ನೆರಡು ಕಾಳು ಮೇಲೆ ಹಾಕುತ್ತಾರಲ್ಲ, ಅದು ಕೊಸರು. ಅದಕ್ಕೆ ಲೆಕ್ಕವಿಲ್ಲ, ದುಡ್ಡೂ ಇಲ್ಲ. ‘ಮತ್ತೆ ಬನ್ನಿ’ ಎಂದು ಬಾಯಲ್ಲಿ ಹೇಳುವುದನ್ನು ಕೈಯಲ್ಲಿ ಹೇಳುವ ರೀತಿ ಅದು.

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಒಣಹಣ್ಣು ಮಾರುವ ಒಬ್ಬರಿಗೆ ಕೊಸರಿನ ವಿಷಯದಲ್ಲಿ ಒಳ್ಳೆಯ ಹೆಸರಿತ್ತು. ಖರ್ಜೂರ ಕೊಳ್ಳಲಿ, ಗೋಡಂಬಿ ಕೊಳ್ಳಲಿ, ಕೊನೆಗೆ ನಾಲ್ಕು ಒಣದ್ರಾಕ್ಷಿ ಪೊಟ್ಟಣದೊಳಗೆ ಬೀಳಲೇಬೇಕು. ತಾಯಂದಿರ ಜೊತೆ ಮಕ್ಕಳು ಬಂದರೆ ಆ ನಾಲ್ಕು ದ್ರಾಕ್ಷಿ ನೇರವಾಗಿ ಮಕ್ಕಳ ಅಂಗೈಗೆ. ‘ಭಾಯ್ ಕೈ ದೊಡ್ಡದು’ ಎನ್ನುತ್ತಿದ್ದರು ಗಿರಾಕಿಗಳು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ತಮಿಳು, ಉರ್ದು ಮೂರೂ. ಮಗಳು ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿ. ಸಂಜೆ ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಪೊಟ್ಟಣ ಕಟ್ಟಿಕೊಡಲು ಬಂದು ಕೂರುತ್ತಿದ್ದಳು. ಈ ಅಪ್ಪ, ಈ ಮಗಳು, ಜೊತೆಗೆ 200 ಗ್ರಾಂನ ಒಂದು ಕಬ್ಬಿಣದ ತೂಕದ ಕಲ್ಲು. ಇಷ್ಟರಲ್ಲೇ ಸರ್ಕಾರ ವ್ಯಾಪಾರದ ಮೇಲೆ ಏಕೆ ಕಣ್ಣಿಡಬೇಕು ಎಂಬ ದೊಡ್ಡ ಪ್ರಶ್ನೆಗೆ ಒಂದು ಉತ್ತರವಿದೆ.

ಬೂದಿಯಲ್ಲಿ ಸಿಕ್ಕ ಕಲ್ಲು

ರಸೆಲ್ ಮಾರುಕಟ್ಟೆಯ ಕಟ್ಟಡ 1927ರದು. ದಂಡು ಪ್ರದೇಶ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಕಾಲ ಅದು. 1933ರಲ್ಲಿ ವರ್ತಕರೂ ದಾನಿಗಳೂ ಆಗಿದ್ದ ಸರ್ ಹಾಜಿ ಇಸ್ಮಾಯಿಲ್ ಸೇಟ್ ಅವರು ಇದನ್ನು ಉದ್ಘಾಟಿಸಿದರು. ಅಲ್ಲಿ ಮುನಿಸಿಪಲ್ ಕಮಿಷನರ್ ಆಗಿದ್ದ ಟಿ.ಬಿ. ರಸೆಲ್ ಅವರ ಹೆಸರು ಮಾರುಕಟ್ಟೆಗೆ ಬಂತು. ಹಣ್ಣು, ತರಕಾರಿ, ಹೂವು, ಮೀನು, ಮಾಂಸ, ಒಣಹಣ್ಣು ಎಲ್ಲವೂ ಒಂದೇ ಸೂರಿನಡಿ ಸಿಗುವ ಈ ಜಾಗದಲ್ಲಿ ರಂಜಾನ್ ತಿಂಗಳು ಬಂತೆಂದರೆ ರಾತ್ರಿಯೂ ಹಗಲಾಗುತ್ತದೆ.

2012ರ ಫೆಬ್ರುವರಿ ಕೊನೆಯಲ್ಲಿ ಒಂದು ನಸುಕಿನಲ್ಲಿ ಇಲ್ಲಿಗೆ ಬೆಂಕಿ ಬಿತ್ತು. ಬೆಳಗಾಗುವ ಹೊತ್ತಿಗೆ ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟಿದ್ದವು. ಆ ಒಣಹಣ್ಣಿನ ಅಂಗಡಿಯೂ ಉಳಿಯಲಿಲ್ಲ. ಹಲಗೆ, ಡಬ್ಬಿ, ಮೂಟೆ ಎಲ್ಲ ಬೂದಿಯಾಗಿತ್ತು. ಎಲೆಕ್ಟ್ರಾನಿಕ್ ತಕ್ಕಡಿ ಕರಗಿ ಮುದ್ದೆಯಾಗಿತ್ತು. ಬೂದಿ ಕೆದಕಿದಾಗ ಕೈಗೆ ಸಿಕ್ಕಿದ್ದು 200 ಗ್ರಾಂನ ಆರು ಮೂಲೆಯ ಕಬ್ಬಿಣದ ಕಲ್ಲು. ಅದು ಅವರ ತಂದೆಯ ಕಾಲದ್ದು. ಅದರಡಿಯಲ್ಲಿ ನೆಲದ ಚಪ್ಪಡಿಗೆ ಬೂದುಬಣ್ಣದ ಒಂದು ಹನಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಅದೇನೆಂದು ಯೋಚಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕೆರೆದು ಬೂದಿಯ ಜೊತೆಗೇ ಹೊರಗೆ ಹಾಕಿದರು. ಕಲ್ಲನ್ನು ಮಾತ್ರ ಒರೆಸಿ, ಎಣ್ಣೆ ಹಚ್ಚಿ, ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದರು.

ಸಾಲಸೋಲ ಮಾಡಿ ಮತ್ತೆ ವ್ಯಾಪಾರ ಶುರುವಾಯಿತು. ಎಲೆಕ್ಟ್ರಾನಿಕ್ ತಕ್ಕಡಿಗೆ ದುಡ್ಡು ಸಾಲದೆ ಸಾದಾ ತಕ್ಕಡಿಯನ್ನೂ ಹೊಸ ತೂಕದ ಕಲ್ಲುಗಳನ್ನೂ ತಂದರು. 200 ಗ್ರಾಂನದು ಮಾತ್ರ ಹಳೆಯದೇ ಇರಲಿ ಎಂದರು. ಸರ್ವಸ್ವವೂ ಸುಟ್ಟುಹೋದವರಿಗೆ ಉಳಿದ ಒಂದು ವಸ್ತುವಿನ ಮೇಲೆ ಮೋಹ ಇರುವುದು ಸಹಜ.

ಉತ್ತರ ಗೊತ್ತಿದ್ದ ಪ್ರಶ್ನೆ

ಆ ವರ್ಷ ರಂಜಾನ್ ಉಪವಾಸ ಜುಲೈನಲ್ಲಿ ಶುರುವಾಗುವುದಿತ್ತು. ಅದಕ್ಕೂ ಎರಡು ವಾರ ಮುಂಚೆ ಶಾಲೆಯಲ್ಲಿ ವಿಜ್ಞಾನದ ಮಿಸ್ ಒಂದು ಚಟುವಟಿಕೆ ಕೊಟ್ಟರು. ಮನೆಯಿಂದ ಒಂದು ಚಿಕ್ಕ ವಸ್ತು ತರಬೇಕು, ಕೈಯಲ್ಲಿ ಹಿಡಿದು ತೂಕ ಊಹಿಸಿ ಬರೆಯಬೇಕು, ಆಮೇಲೆ ಪ್ರಯೋಗಾಲಯದ ಭೌತ ತಕ್ಕಡಿಯಲ್ಲಿ ತೂಗಿ ನೋಡಬೇಕು. ಊಹೆಗೂ ತೂಕಕ್ಕೂ ವ್ಯತ್ಯಾಸ ಕಡಿಮೆ ಇದ್ದವರು ಗೆದ್ದಂತೆ. ಒಬ್ಬರು ಬೀಗ ತಂದರು, ಒಬ್ಬರು ಆಲೂಗೆಡ್ಡೆ ತಂದರು. ಈ ಹುಡುಗಿ ಜಾಣೆ. ಉತ್ತರ ಗೊತ್ತಿರುವ ವಸ್ತುವನ್ನೇ ತಂದಳು. ಅಪ್ಪನ 200 ಗ್ರಾಂ ಕಲ್ಲು!

ಗಾಜಿನ ಪೆಟ್ಟಿಗೆಯೊಳಗಿನ ಆ ತಕ್ಕಡಿಯಲ್ಲಿ ಚಿಮಟದಿಂದ ಒಂದೊಂದೇ ತೂಕ ಇಟ್ಟು ನೋಡಿದರೆ ಮುಳ್ಳು ನಡುವೆ ನಿಂತದ್ದು 195.6 ಗ್ರಾಂಗೆ. ಮತ್ತೆ ತೂಗಿದರು, ಅಷ್ಟೇ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ‘ಮಾರ್ಕೆಟ್ ತೂಕ ಅಂದ್ರೆ ಹಂಗೇ ಮಿಸ್’ ಎಂದ. ತರಗತಿಯೆಲ್ಲ ನಕ್ಕಿತು. ಹುಡುಗಿಯ ಮುಖ ಕೆಂಪಾಯಿತು.

ಮಿಸ್ ನಗಲಿಲ್ಲ. ತಪ್ಪು ಮೂರು ಕಡೆ ಇರಬಹುದು ಎಂದು ಹಲಗೆಯ ಮೇಲೆ ಬರೆದರು. ಕಲ್ಲಿನಲ್ಲಿ, ತಕ್ಕಡಿಯಲ್ಲಿ, ಅಥವಾ ಪೆಟ್ಟಿಗೆಯ ತೂಕಗಳಲ್ಲಿ. ತಕ್ಕಡಿಯ ಎರಡು ತೋಳುಗಳ ಉದ್ದದಲ್ಲಿ ಒಂದಿಷ್ಟು ವ್ಯತ್ಯಾಸವಿದ್ದರೂ ತೂಕ ತಪ್ಪುತ್ತದೆ. ಅದನ್ನು ಹಿಡಿಯುವ ಉಪಾಯ ಸುಲಭ. ವಸ್ತುವನ್ನು ಎಡ ತಟ್ಟೆಯಿಂದ ಬಲ ತಟ್ಟೆಗೆ ಬದಲಾಯಿಸಿ ತೂಗಬೇಕು. ತೋಳುಗಳು ಸಮವಾಗಿದ್ದರೆ ಎರಡು ಸಲವೂ ಒಂದೇ ತೂಕ ಬರುತ್ತದೆ. ಬಾರದಿದ್ದರೆ ಎರಡೂ ತೂಕಗಳ ಗುಣಲಬ್ಧದ ವರ್ಗಮೂಲವೇ ನಿಜವಾದ ತೂಕ. ಬದಲಾಯಿಸಿ ತೂಗಿದರೂ 195.6 ಗ್ರಾಂ ಬಂತು. ತಕ್ಕಡಿಯದು ತಪ್ಪಿಲ್ಲ. ಪೆಟ್ಟಿಗೆಯ ತೂಕಗಳನ್ನು ಪರೀಕ್ಷಿಸಲು ಮಾರನೇ ದಿನ ಹುಡುಗಿ ಪಕ್ಕದ ಅಂಗಡಿಯಿಂದ ಹೊಸ ಮುದ್ರೆಯ 200 ಗ್ರಾಂ ಕಲ್ಲನ್ನು ಕೇಳಿ ತಂದಳು. ಅದು ಸರಿಯಾಗಿ ತೂಗಿತು. ಉಳಿದದ್ದು ಒಂದೇ, ಅಪ್ಪನ ಕಲ್ಲು.

‘ಕಲ್ಲು ಕಡಿಮೆ ಇದೆ ಅಂತ ತಕ್ಕಡಿ ಹೇಳ್ತು. ಯಾಕೆ ಕಡಿಮೆ ಅಂತ ಅದು ಹೇಳಲ್ಲ. ಅದನ್ನ ನೀನೇ ಕಂಡುಹಿಡೀಬೇಕು’ ಎಂದರು ಮಿಸ್. ಹುಡುಗಿ ಹೋಗುವ ಮುಂಚೆ ಇನ್ನೊಂದು ವಸ್ತುವನ್ನು ತೂಗಿದಳು. ಜೇಬಿನಲ್ಲಿದ್ದ ನಾಲ್ಕು ಒಣದ್ರಾಕ್ಷಿ. ಎರಡು ಗ್ರಾಂಗಿಂತ ತುಸು ಹೆಚ್ಚು.

ಸೀಸ ಎಲ್ಲಿ ಹೋಯಿತು?

ಅಂದು ರಾತ್ರಿ ಎರಡು ಕಲ್ಲುಗಳನ್ನೂ ಬುಡಮೇಲು ಮಾಡಿ ನೋಡಿದಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಹೊಸ ಕಲ್ಲಿನ ತಳದ ಗುಂಡಿಯಲ್ಲಿ ಬೂದುಬಣ್ಣದ ಸೀಸ ತುಂಬಿತ್ತು. ಅದರ ಮೇಲೆ ಸಣ್ಣ ಮುದ್ರೆಯಿತ್ತು. ಅಪ್ಪನ ಕಲ್ಲಿನಲ್ಲಿ ಗುಂಡಿ ಮಾತ್ರ ಇತ್ತು. ಖಾಲಿ.

ಆ ಖಾಲಿ ಗುಂಡಿಯನ್ನು ನೋಡುತ್ತ ಕುಳಿತ ಹದಿನಾಲ್ಕು ವರ್ಷದ ಮಗುವಿನ ಮನಸ್ಸಿನಲ್ಲಿ ಏನೇನು ಓಡಿರಬಹುದು! ಸೀಸ ತಾನಾಗಿ ಎದ್ದು ಹೋಗುವುದಿಲ್ಲ. ಯಾರಾದರೂ ತೆಗೆಯಬೇಕು. ಅಪ್ಪ ಐದು ಹೊತ್ತು ನಮಾಜು ಮಾಡುವವರು. ಖುರ್‌ಆನಿನ 83ನೇ ಅಧ್ಯಾಯದ ಹೆಸರೇ ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಕುರಿತದ್ದು ಎಂದು ಅವಳಿಗೆ ಹೇಳಿಕೊಟ್ಟವರೂ ಅವರೇ. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಕೇಳಿಯೇಬಿಟ್ಟಳು.

‘ಅಬ್ಬಾ, ಇದರ ಸೀಸ ಎಲ್ಲಿ?’

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ಬಂತು. ‘ಯಾರು ಹೇಳಿದ್ರು ನಿನಗೆ? ನಿನ್ನ ದಾದಾ ಕಾಲದ ಕಲ್ಲಿದು. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿ ತೂಕ ಕಮ್ಮಿ ಅಂತ ವಾಪಸ್ ಬಂದಿದ್ದಾನಾ?’ ಮಗಳು ಮಾತಾಡಲಿಲ್ಲ. ದಾಖಲೆ ಪುಸ್ತಕ ತೆರೆದು 195.6 ಎಂದು ಬರೆದಿದ್ದ ಪುಟ ತೋರಿಸಿದಳು. ಅವರು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಹಳ ಹೊತ್ತಿನ ಮೇಲೆ ಚಪ್ಪಡಿಗೆ ಅಂಟಿಕೊಂಡಿದ್ದ ಆ ಹನಿ ನೆನಪಾಯಿತು.

ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೆ. ಎರಕದ ಕಬ್ಬಿಣ ಕರಗಲು ಸಾವಿರದ ನೂರಕ್ಕೂ ಹೆಚ್ಚು ಡಿಗ್ರಿ ಬೇಕು. ಮರದ ಹಲಗೆಗಳು ಹೊತ್ತಿ ಉರಿದರೆ ಸೀಸ ನೀರಾಗುವುದು ಕಷ್ಟವಲ್ಲ, ಕಬ್ಬಿಣಕ್ಕೆ ಮಾತ್ರ ಏನೂ ಆಗದು. ನೋಡಲು ಕಲ್ಲು ಹಾಗೆಯೇ ಇತ್ತು. ಒಳಗಿನ 4.4 ಗ್ರಾಂ ಬೆಂಕಿಯಲ್ಲಿ ಹರಿದುಹೋಗಿತ್ತು. ಯಾರೂ ತೆಗೆದಿರಲಿಲ್ಲ.

ಮಗಳ ಎದೆ ಹಗುರವಾಯಿತು. ಅಪ್ಪನ ಎದೆ ಭಾರವಾಯಿತು. ಇಬ್ಬರೂ ಕುಳಿತು ಲೆಕ್ಕ ಹಾಕಿದರು. ದಿನಕ್ಕೆ ಸುಮಾರು 60 ಸಲ ಆ ಕಲ್ಲು ತಟ್ಟೆಗೆ ಏರುತ್ತಿತ್ತು. ಒಂದು ಸಲಕ್ಕೆ 4.4 ಗ್ರಾಂ ಎಂದರೆ ದಿನಕ್ಕೆ 264 ಗ್ರಾಂ. ಅಂಗಡಿ ಮತ್ತೆ ತೆರೆದು 90 ದಿನವಾಗಿತ್ತು. ಹತ್ತಿರ ಹತ್ತಿರ 24 ಕಿಲೊ! ಇನ್ನು ಕೊಸರು? ನಾಲ್ಕು ದ್ರಾಕ್ಷಿಗೆ ಎರಡು ಗ್ರಾಂ ಚಿಲ್ಲರೆ. ಗಿರಾಕಿಯ ನಾಲ್ಕು ಗ್ರಾಂ ಚಿಲ್ಲರೆ ಇಟ್ಟುಕೊಂಡು ಅದರಲ್ಲಿ ಅರ್ಧವನ್ನು ಅವರಿಗೇ ಕೊಸರು ಎಂದು ಕೊಟ್ಟು ‘ಭಾಯ್ ಕೈ ದೊಡ್ಡದು’ ಎನ್ನಿಸಿಕೊಂಡಂತಾಯಿತು.

ಅಪ್ಪನನ್ನು ಬಹಳ ಕಾಡಿದ್ದು ಇದೇ. ಅವರ ಮನಸ್ಸಿನಲ್ಲಿ ಮೋಸವಿರಲಿಲ್ಲ, ನಿಜ. ಆದರೆ ಕಡಿಮೆ ಕೊಟ್ಟದ್ದೂ ಅಷ್ಟೇ ನಿಜ. ಮನಸ್ಸು ಒಳ್ಳೆಯದಿದ್ದ ಮಾತ್ರಕ್ಕೆ ತೂಕ ಸರಿಯಾಗುವುದಿಲ್ಲ.

ಮುದ್ರೆಯ ಗುಟ್ಟು

ಮುದ್ರೆಯನ್ನು ಗಟ್ಟಿ ಕಬ್ಬಿಣದ ಮೇಲೆ ಒತ್ತದೆ ಮೆತ್ತಗಿನ ಸೀಸದ ಮೇಲೇ ಏಕೆ ಒತ್ತುತ್ತಾರೆ? ಎರಕ ಹೊಯ್ದ ಕಬ್ಬಿಣದ ತೂಕ ಎಂದೂ ಕರಾರುವಾಕ್ಕಾಗಿ ಬರುವುದಿಲ್ಲ. ಆದ್ದರಿಂದ ಗುಂಡಿ ಬಿಟ್ಟು, ಅದಕ್ಕೆ ಬೇಕಾದಷ್ಟು ಸೀಸ ತುಂಬಿ ತೂಕ ಹೊಂದಿಸುತ್ತಾರೆ. ಆಮೇಲೆ ಆ ಸೀಸದ ಮೇಲೇ ಸರ್ಕಾರದ ಮುದ್ರೆ. ಯಾರಾದರೂ ಸೀಸ ಕೆರೆದರೆ ಮುದ್ರೆ ಕೆಡುತ್ತದೆ, ಸೀಸ ಕರಗಿ ಹೋದರೆ ಮುದ್ರೆಯೂ ಹೋಗುತ್ತದೆ. ತೂಕವೂ ಅದರ ಸಾಕ್ಷಿಯೂ ಒಂದೇ ಕಡೆ ಇರಬೇಕೆಂಬುದು ಇದರ ಹಿಂದಿನ ಯುಕ್ತಿ. ಗುಂಡಿ ಖಾಲಿ ಎಂದರೆ ಆ ಕಲ್ಲು ತನ್ನ ಮೇಲೆ ತಾನೇ ದೂರು ಕೊಟ್ಟಂತೆ. ಮುದ್ರೆಯಲ್ಲಿ ಅಧಿಕಾರಿಯ ಗುರುತು, ವರ್ಷ, ಆ ವರ್ಷದ ಯಾವ ತ್ರೈಮಾಸಿಕ ಎಂಬ ಅಕ್ಷರ ಇರುತ್ತವೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ 2011ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಡಿಯ ನಿಯಮಗಳಂತೆ ತೂಕದ ಕಲ್ಲು, ಸಾದಾ ತಕ್ಕಡಿಗಳಿಗೆ 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಮರುಪರಿಶೀಲನೆ ಆಗಬೇಕು.

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳ ಮೇಲ್ವಿಚಾರಣೆಗೆ ಪೌತವಾಧ್ಯಕ್ಷ ಎಂಬ ಅಧಿಕಾರಿಯೇ ಇದ್ದಾನೆ. ನಾಲ್ಕು ತಿಂಗಳಿಗೊಮ್ಮೆ ತೂಕಗಳಿಗೆ ಮುದ್ರೆ ಹಾಕಿಸಬೇಕೆಂಬ ನಿಯಮವೂ ಅಲ್ಲಿದೆ. ತೂಕಗಳನ್ನು ಕಬ್ಬಿಣದಿಂದಲೋ ಕಲ್ಲಿನಿಂದಲೋ ಮಾಡಬೇಕು, ಇಲ್ಲವೇ ನೀರಿನಿಂದ ಹೆಚ್ಚದ, ಬಿಸಿಯಿಂದ ಕುಗ್ಗದ ವಸ್ತುವಿನಿಂದ ಮಾಡಬೇಕು ಎಂದು ಅದು ಹೇಳುತ್ತದೆ. ಬೆಂಕಿಗೆ ಕುಗ್ಗುವ ತೂಕದ ಚಿಂತೆ ಆ ಕಾಲದವರಿಗೂ ಇತ್ತು! ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಮುದ್ರಣಗೊಂಡಿತು.

ರಸೆಲ್ ಮಾರುಕಟ್ಟೆ ಶುರುವಾದ ಕಾಲದಲ್ಲಿ ದೇಶಕ್ಕೆಲ್ಲ ಒಂದೇ ತೂಕವಿರಲಿಲ್ಲ. ಒಂದು ತೊಲ ಎಂದರೆ ಸುಮಾರು 11.66 ಗ್ರಾಂ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲದ್ದು, ಅಂದರೆ 280 ಗ್ರಾಂ. ರೈಲ್ವೆಯಲ್ಲೂ ಉತ್ತರದ ಕಡೆಯೂ ನಡೆಯುತ್ತಿದ್ದ ಸೇರು 80 ತೊಲದ್ದು, 933 ಗ್ರಾಂ. ಮದ್ರಾಸಿನ ಕಡೆ ವೀಸೆಯ ಲೆಕ್ಕ, ಒಂದು ವೀಸೆಗೆ 120 ತೊಲ. ಹೆಸರು ಸೇರು ಎಂದೇ ಇದ್ದರೂ ಒಂದು ಇನ್ನೊಂದರ ಮೂರುಪಟ್ಟಿಗಿಂತ ಹೆಚ್ಚು. ದಂಡಿನ ಮಾರುಕಟ್ಟೆಗೆ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಜನ ನಾಲ್ಕು ದಿಕ್ಕಿನಿಂದ ಬರುತ್ತಿದ್ದರು. ‘ಒಂದು ಸೇರು ಕೊಡಿ’ ಎಂದರೆ ‘ಯಾವ ಸೇರು?’ ಎಂದು ಕೇಳಬೇಕಾಗುತ್ತಿತ್ತು. ಬಡವರಿಗೆ, ಓದು ಬರಹ ಬಾರದವರಿಗೆ ಈ ಗೊಂದಲದಲ್ಲಿ ನಷ್ಟವೇ ಹೆಚ್ಚು.

1947ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ದಂಡು, ಪೇಟೆ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ತೂಕ ಒಂದಾಗಲು ಇನ್ನಷ್ಟು ವರ್ಷ ಹಿಡಿಯಿತು. 1956ರಲ್ಲಿ ಸಂಸತ್ತು ತೂಕ ಅಳತೆಗಳ ಪ್ರಮಾಣೀಕರಣದ ಕಾಯಿದೆ ಮಾಡಿತು. 1957ರಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಕೆಲವು ಪ್ರದೇಶಗಳಲ್ಲಿ ಕಿಲೊ, ಗ್ರಾಂ ಶುರುವಾಗಿ 1962ರ ಹೊತ್ತಿಗೆ ದೇಶದೆಲ್ಲೆಡೆ ಕಡ್ಡಾಯವಾಯಿತು. ಅಚ್ಚೇರು, ಪಾವು, ಚಟಾಕು ಎಂಬ ಮಾತುಗಳು ಅಜ್ಜಿಯರ ಬಾಯಲ್ಲಿ ಉಳಿದುಕೊಂಡವು.

ಕಾಯಿದೆ ಇದ್ದರೆ ಸಾಕೆ? ಅಂಗಡಿಯ ಕಲ್ಲು ಸರಿಯೆಂದು ಹೇಳಲು ಇನ್ನೊಂದು ಕಲ್ಲು ಬೇಕು, ಅದು ಸರಿಯೆಂದು ಹೇಳಲು ಮತ್ತೊಂದು. ಪರಿಶೀಲಿಸುವ ಅಧಿಕಾರಿಯ ಬಳಿಯ ತೂಕವನ್ನು ರಾಜ್ಯದ ಪ್ರಯೋಗಾಲಯದ ತೂಕದೊಡನೆ ಹೋಲಿಸುತ್ತಾರೆ. ಅದನ್ನು ಪ್ರಾದೇಶಿಕ ಪ್ರಯೋಗಾಲಯದಲ್ಲಿ ಹೋಲಿಸುತ್ತಾರೆ. ಅಂಥದೊಂದು ಬೆಂಗಳೂರಿನ ಜಕ್ಕೂರಿನಲ್ಲೇ ಇದೆ. ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿರುವುದು ಪ್ಲಾಟಿನಂ ಇರಿಡಿಯಂ ಮಿಶ್ರಲೋಹದ 57ನೇ ಸಂಖ್ಯೆಯ ಕಿಲೊಗ್ರಾಂ. ಅದು ಪ್ಯಾರಿಸ್ಸಿನ ಬಳಿ ಇಟ್ಟಿರುವ ಮೂಲ ಕಿಲೊಗ್ರಾಂನ ಪ್ರತಿ.

ಇನ್ನೂ ಸ್ವಾರಸ್ಯವಾದದ್ದೆಂದರೆ ಆ ಮೂಲ ಕಿಲೊಗ್ರಾಂ ಕೂಡ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. 1889ರಿಂದ ಇಡೀ ಜಗತ್ತಿಗೆ ಅದೇ ಕಿಲೊ. ಸುಮಾರು ನೂರು ವರ್ಷಗಳ ಬಳಿಕ ಪ್ರತಿಗಳೊಡನೆ ಹೋಲಿಸಿದಾಗ 50 ಮೈಕ್ರೊಗ್ರಾಂನಷ್ಟು ವ್ಯತ್ಯಾಸ ಕಂಡಿತು. ಒಂದು ಗ್ರಾಂನ ಇಪ್ಪತ್ತು ಸಾವಿರದಲ್ಲೊಂದು ಪಾಲು. ಅಷ್ಟನ್ನೂ ವಿಜ್ಞಾನಿಗಳು ಮುಚ್ಚಿಡಲಿಲ್ಲ. ವರ್ಷಗಟ್ಟಲೆ ದುಡಿದು, 2019ರ ಮೇ 20ರಿಂದ ಕಿಲೊಗ್ರಾಂ ಅನ್ನು ಯಾವುದೇ ಲೋಹದ ತುಂಡಿನ ಮೇಲಲ್ಲದೆ ಪ್ಲಾಂಕ್ ಸ್ಥಿರಾಂಕ ಎಂಬ ಪ್ರಕೃತಿಯ ಬದಲಾಗದ ಸಂಖ್ಯೆಯ ಮೇಲೆ ನಿಲ್ಲಿಸಿದರು.

ಬಿಸಾಕಿದರೆ ಮುಗಿಯುತ್ತಿತ್ತು

ಮತ್ತೆ 2012ರ ಆ ಅಂಗಡಿಗೆ. ಅಕ್ಕಪಕ್ಕದವರಿಗೆ ವಿಷಯ ತಿಳಿಯಿತು. ‘ಒಂದು ಕಲ್ಲು ತಾನೆ, ಬಿಸಾಕು. ಹೊಸದು ತಗೋ. ತಾನಾಗಿ ಹೋಗಿ ಸಾಹೇಬರ ಮುಂದೆ ಯಾಕೆ ನಿಲ್ತೀಯಾ?’ ಎಂದರು ಹಿತೈಷಿಗಳು. ಅದು ಸುಲಭದ ದಾರಿ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಂಜಾನ್ ವ್ಯಾಪಾರ ಹತ್ತಿರವಿತ್ತು, ಸಾಲ ತಲೆಯ ಮೇಲಿತ್ತು, ದಂಡ ಬಿದ್ದರೆ ಕಷ್ಟ. ಮಾರುಕಟ್ಟೆಯಲ್ಲಿ ಮಾತು ಹರಡಿದರೆ ಹೆಸರೂ ಹೋಗುತ್ತದೆ. ಹೆಸರು ಹೋದರೆ ಅದಕ್ಕೆ ಸೀಸ ತುಂಬಿ ಸರಿಮಾಡುವ ದುರಸ್ತಿಗಾರರಿಲ್ಲ.

ಮಗಳು ಇಷ್ಟೇ ಕೇಳಿದಳು: ‘ಬಿಸಾಕಿದರೆ ನನ್ನ ದಾಖಲೆ ಪುಸ್ತಕದಲ್ಲಿ ಕಾರಣ ಅಂತ ಏನು ಬರೀಲಿ ಅಬ್ಬಾ?’

ಆ ದಿನವೇ ಅವರು ಕಲ್ಲನ್ನು ತಟ್ಟೆಯಿಂದ ಇಳಿಸಿದರು. ಲೈಸೆನ್ಸ್ ಇರುವ ದುರಸ್ತಿಗಾರರಲ್ಲಿಗೆ ಒಯ್ದು ಸೀಸ ತುಂಬಿಸಿದರು. ದುರಸ್ತಿಯಾದ ಕಲ್ಲಿಗೆ ಮತ್ತೆ ಮುದ್ರೆ ಆಗಬೇಕೆಂಬುದು ನಿಯಮ. ಅದಕ್ಕಾಗಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಯ ಮುಂದೆ ನಿಂತರು. ಹಳೆಯ ಕಲ್ಲಿನಲ್ಲಿ ಹೊಸ ಸೀಸ ಕಂಡು ಅಧಿಕಾರಿ ಕಾರಣ ಕೇಳಿದರು. ಅವರು ಇದ್ದದ್ದನ್ನು ಇದ್ದಂತೆ ಹೇಳಿದರು.

‘ಮುದ್ರೆ ಇಲ್ಲದ ಕಲ್ಲಲ್ಲಿ ಮೂರು ತಿಂಗಳು ತೂಗಿದ್ದೀರಿ. ದಂಡ ಆಗುತ್ತೆ, ಗೊತ್ತಾ?’

‘ಗೊತ್ತು ಸಾರ್. ರಸೀದಿ ಕೊಡಿ, ಕಟ್ಟುತ್ತೀನಿ.’

ಕಟ್ಟಿದರು. ಕಲ್ಲನ್ನು ತೂಗಿ ನೋಡಿ, ಸೀಸದ ಮೇಲೆ ಮುದ್ರೆ ಒತ್ತಿ, ಪ್ರಮಾಣಪತ್ರ ಕೊಟ್ಟರು. ಪ್ರಮಾಣಪತ್ರವನ್ನು ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಬೇಕೆಂಬುದು ನಿಯಮ. ಅವರು ಅದನ್ನು ಚೌಕಟ್ಟು ಹಾಕಿಸಿ, ಖರ್ಜೂರದ ಡಬ್ಬಿಗಳ ಮೇಲೆ, ಕಣ್ಣಿಗೆ ಹೊಡೆಯುವ ಹಾಗೆ ನೇತುಹಾಕಿದರು.

ತಪಾಸಣೆ ಎಂದ ಕೂಡಲೇ ವ್ಯಾಪಾರಿಗಳಿಗೆ ಅವಮಾನವಾದಂತೆ ಅನ್ನಿಸುವುದುಂಟು. ‘ನಮ್ಮನ್ನೇನು ಕಳ್ಳರು ಅಂದ್ಕೊಂಡಿದ್ದಾರಾ?’ ಎಂದು ಕೇಳುತ್ತಾರೆ. ಕೆಲವೊಮ್ಮೆ ತಪಾಸಣೆ ಮಾಡುವವರ ವರ್ತನೆಯೂ ಹಾಗೆಯೇ ಇರುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಮುದ್ರೆಯ ಉದ್ದೇಶ ಮಾತ್ರ ಬೇರೆ. ಕಳ್ಳನನ್ನು ಹಿಡಿಯುವುದು ಅದರ ಒಂದು ಕೆಲಸ. ಒಳ್ಳೆಯ ಮನುಷ್ಯನಿಗೆ ಅವನ ಕಲ್ಲು ಸವೆದಿದೆ ಎಂದು ತಿಳಿಸುವುದು ಇನ್ನೊಂದು ಕೆಲಸ, ಬಹುಶಃ ಅದಕ್ಕಿಂತ ದೊಡ್ಡದು. ಪಕ್ಕದ ಅಂಗಡಿಯವನು ಕಡಿಮೆ ತೂಗಿ ಕಡಿಮೆ ಬೆಲೆಗೆ ಮಾರಿದರೆ ಸರಿಯಾಗಿ ತೂಗುವವನ ವ್ಯಾಪಾರ ಮುಳುಗುತ್ತದೆ. ಹಾಗೆ ಮುಳುಗದಂತೆ ಕಾಯುವುದು ಮೂರನೆಯ ಕೆಲಸ.

ಮನೆಯವರೂ ಮಕ್ಕಳೂ ನೋಡಬೇಕಾದದ್ದು

ಈಗ ಎಲ್ಲೆಡೆ ಎಲೆಕ್ಟ್ರಾನಿಕ್ ತಕ್ಕಡಿಗಳದೇ ಕಾರುಬಾರು. ಅಂಕಿ ಬೆಳಗಿದರೆ ಸಾಕು, ಸರಿಯಿರುತ್ತದೆ ಎಂಬ ನಂಬಿಕೆ. ಆ ತಕ್ಕಡಿ ಹೇಗೆ ತೂಗುತ್ತದೆ ಎಂದು ತಿಳಿದರೆ ಎಚ್ಚರ ಬರುತ್ತದೆ. ತಟ್ಟೆಯ ಕೆಳಗಿನ ಲೋಹದ ತುಂಡು ಭಾರಕ್ಕೆ ಕೂದಲೆಳೆಯಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳುವಾದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಯಂತ್ರ ಗ್ರಾಂ ಆಗಿ ಲೆಕ್ಕ ಹಾಕುತ್ತದೆ. ಹಳೆಯ ತಕ್ಕಡಿ ಕಲ್ಲನ್ನೂ ಸಾಮಾನನ್ನೂ ಹೋಲಿಸುತ್ತಿತ್ತು. ಎರಡರ ಮೇಲೂ ಭೂಮಿಯ ಸೆಳೆತ ಒಂದೇ ಆದ್ದರಿಂದ ಯಾವ ಊರಿನಲ್ಲಿ ತೂಗಿದರೂ ಒಂದೇ. ಹೊಸದು ಅಳೆಯುವುದು ಭೂಮಿಯ ಸೆಳೆತವನ್ನೇ. ಸಮಭಾಜಕಕ್ಕೆ ಹತ್ತಿರವೂ ಎತ್ತರದಲ್ಲೂ ಇರುವ ಬೆಂಗಳೂರಿನಲ್ಲಿ ಆ ಸೆಳೆತ ದೆಹಲಿಗಿಂತ ತುಸು ಕಡಿಮೆ. ದೆಹಲಿಯಲ್ಲಿ ಹೊಂದಿಸಿದ ತಕ್ಕಡಿಯನ್ನು ಹಾಗೆಯೇ ತಂದು ಇಲ್ಲಿ ತೂಗಿದರೆ ಒಂದು ಕಿಲೊಗೆ ಸುಮಾರು ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಬಳಸುವ ಊರಿನಲ್ಲೇ ಅದನ್ನು ಹೊಂದಿಸಬೇಕು, ಪರಿಶೀಲಿಸಬೇಕು. ಹೊಂದಿಸುವ ಗುಂಡಿಯನ್ನು ಯಾರೂ ಮುಟ್ಟದಂತೆ ಸೀಲು ಹಾಕುತ್ತಾರೆ. ಸೀಲು ಒಡೆದಿದ್ದರೆ ಅಂಕಿಯನ್ನು ನಂಬುವಂತಿಲ್ಲ.

ಕೊಳ್ಳುವವರು ನೋಡಬೇಕಾದದ್ದು ಹೆಚ್ಚಿಲ್ಲ. ಸಾಮಾನು ಇಡುವ ಮುಂಚೆ ಅಂಕಿ ಸೊನ್ನೆಯಲ್ಲಿದೆಯೇ? ತಕ್ಕಡಿ ಅಲುಗಾಡದ ಜಾಗದಲ್ಲಿ, ಅಂಕಿ ಗಿರಾಕಿಗೆ ಕಾಣುವಂತೆ ಇದೆಯೇ? ಸಿಹಿತಿಂಡಿಯ ರಟ್ಟಿನ ಡಬ್ಬಿಯನ್ನು ಸಿಹಿಯ ಬೆಲೆಗೆ ತೂಗುತ್ತಿಲ್ಲವಷ್ಟೆ? ಪರಿಶೀಲನೆಯ ಪ್ರಮಾಣಪತ್ರ ಕಾಣುತ್ತಿದೆಯೇ, ಅದರ ಅವಧಿ ಮುಗಿದಿದೆಯೇ? ಪ್ಯಾಕೆಟ್ಟಿನ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ವರ್ಷ ಇವೆಯೇ? ಇವನ್ನು ಕೇಳಲು ಜಗಳವಾಡಬೇಕಿಲ್ಲ. ನಗುತ್ತಲೇ ಕೇಳಬಹುದು. ಅಮ್ಮನ ಜೊತೆ ಸಂತೆಗೆ ಹೋಗುವ ಮಕ್ಕಳು ಮಾಡಬಹುದಾದ ಒಳ್ಳೆಯ ಪ್ರಯೋಗವೂ ಹೌದು.

ಹಾಗೆಂದು ಎಲ್ಲವೂ ಗ್ರಾಂ, ಮೀಟರ್‌ಗಳಿಗೆ ಸಿಕ್ಕಿಲ್ಲ. ಶಿವಾಜಿನಗರದಲ್ಲಿ ಹೂವು ಕಟ್ಟಿ ಮಾರುವ ಅಮ್ಮ ಇವತ್ತಿಗೂ ಮೊಳದಲ್ಲೇ ಅಳೆಯುತ್ತಾರೆ. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಯಾರ ಕೈ? ಅವರ ಕೈ! ಕೈ ಚಿಕ್ಕದಾದರೆ ಮೊಳವೂ ಚಿಕ್ಕದು. ಕಾಯಿದೆಯ ಪುಸ್ತಕದಲ್ಲಿ ಮೊಳಕ್ಕೆ ಜಾಗವಿಲ್ಲ, ಅಲ್ಲಿರುವುದು ಮೀಟರ್ ಮಾತ್ರ. ಆದರೂ ಗಿರಾಕಿಗಳು ಸುಮ್ಮನಿರುತ್ತಾರೆ. ಅಳೆಯುವ ಕೈ ಕಣ್ಣೆದುರಿಗೇ ಇರುತ್ತದೆ, ತಮ್ಮ ಕೈ ಚಾಚಿ ಹೋಲಿಸಿ ನೋಡಬಹುದು. ಖಾಲಿ ಗುಂಡಿಯ ಕಲ್ಲು ಹಾಗಲ್ಲ. ಅದರ ತಳ ಗಿರಾಕಿಗೆ ಕಾಣುವುದಿಲ್ಲ. ಕಾಣದಿರುವುದನ್ನು ಜನರ ಪರವಾಗಿ ಯಾರಾದರೂ ತಿರುಗಿಸಿ ನೋಡಬೇಕು. ಸರ್ಕಾರದ ಮೇಲ್ವಿಚಾರಣೆ ಬೇಕಾಗುವುದು ಅಲ್ಲಿ.

ಆ ವರ್ಷದ ರಂಜಾನ್‌ನಲ್ಲಿ ಒಣಹಣ್ಣಿನ ಅಂಗಡಿಯ ಹಳೆಯ ಗಿರಾಕಿಗಳಿಗೆ ಒಂದು ಆಶ್ಚರ್ಯ ಕಾದಿತ್ತು. ಖರ್ಜೂರ ತೂಗಿ, ಪೊಟ್ಟಣ ಕಟ್ಟುವ ಮುಂಚೆ ಭಾಯ್ ಒಂದು ಹಿಡಿ ದ್ರಾಕ್ಷಿ ಹಾಕುತ್ತಿದ್ದರು. ಆಮೇಲೆ ಎಂದಿನಂತೆ ಮತ್ತೆ ನಾಲ್ಕು ದ್ರಾಕ್ಷಿ. ಹಲಸೂರಿನಿಂದ ಬರುತ್ತಿದ್ದ ಒಬ್ಬ ಅಜ್ಜಿ ನಕ್ಕು ಕೇಳಿದರು:

‘ಏನು ಭಾಯ್, ಕೊಸರು ಇಷ್ಟೊಂದು?’

‘ಕೊಸರು ನಾಲ್ಕೇ ಅಮ್ಮ. ಮೊದಲು ಹಾಕಿದ್ದು ನಿಮ್ಮ ಬಾಕಿ.’

ಅಜ್ಜಿಗೆ ಅರ್ಥವಾಗಲಿಲ್ಲ. ಪೊಟ್ಟಣ ಕಟ್ಟುತ್ತಿದ್ದ ಹುಡುಗಿ ತಲೆ ತಗ್ಗಿಸಿಕೊಂಡು ದಾರ ಸುತ್ತುತ್ತಲೇ ಇದ್ದಳು.